ನೋವಿನ ಹಾಸಿಗೆಯ ಬಳಿ ದಾದಿಯ ತೀರ್ಮಾನ

(ದೇವಾಲಯದ ಶತಮಾನೋತ್ಸವದ ಅಂಗವಾಗಿ, ವಿಶ್ವ ರೋಗಿಗಳ ದಿನದಂದು ನೀಡಿದ ಉಪನ್ಯಾಸದ ಪಠ್ಯ)



ಲೂರ್ದುಮಾತೆಯ ಹಬ್ಬದ ದಿನವಾದ ಫೆಬ್ರವರಿ 11ನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಅದು ಆಚರಣೆಗೆ ಬಂದಿತು. ಶತಮಾನೋತ್ಸವದ ಸಂಭ್ರಮಗಳ ನಡುವೆ ಈ ಒಂದು ಸಂಜೆಯನ್ನು ರೋಗಿಗಳಿಗಾಗಿ ಮೀಸಲಿರಿಸಿ, ಒಬ್ಬ ದಾದಿಯನ್ನು ಮಾತನಾಡಲು ಕರೆದಿರುವ ಸಮಿತಿಯವರಿಗೆ ನಾನು ಕೃತಜ್ಞಳಾಗಿದ್ದೇನೆ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ವೈದ್ಯರು ವೇದಿಕೆಯ ಮೇಲೆ ಇರುತ್ತಾರೆ, ದಾದಿಯರು ಬಾಗಿಲ ಬಳಿ ನಿಂತು ರಕ್ತದೊತ್ತಡ ನೋಡುತ್ತಿರುತ್ತಾರೆ.

ನಾನು ಆಯ್ದುಕೊಂಡಿರುವ ವಿಷಯ ನೋವು. ಇನ್ನೂ ಖಚಿತವಾಗಿ ಹೇಳುವುದಾದರೆ, ರೋಗಿಯ ನೋವು ಎಷ್ಟೆಂದು ಅರಿತು, ಅದಕ್ಕೆ ಏನು ಮಾಡಬೇಕೆಂದು ದಾದಿಯಾದವಳು ಹೇಗೆ ತೀರ್ಮಾನಿಸುತ್ತಾಳೆ ಎಂಬ ಸಂಗತಿ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳಿಂದ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ಈ ವೃತ್ತಿಗೆ ಹೋಗಿದ್ದಾರೆ. ಅವರು ಅಲ್ಲಿ ಮಾಡುವ ಕೆಲಸದ ಈ ಭಾಗ ಮನೆಯವರಿಗೆ ತಿಳಿದಿರುವುದು ಕಡಿಮೆ.

ವೈದ್ಯರು ಬರೆಯುತ್ತಾರೆ, ದಾದಿ ಕೊಡುತ್ತಾಳೆ. ಇದರಲ್ಲಿ ಅವಳ ತೀರ್ಮಾನವೆಲ್ಲಿ ಬಂತು ಎಂದು ತಾವು ಕೇಳಬಹುದು. ಶಸ್ತ್ರಚಿಕಿತ್ಸೆಯ ವಾರ್ಡಿನ ಒಂದು ಕೇಸ್‌ಶೀಟನ್ನು ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಆಂಟಿಬಯೋಟಿಕ್ ಔಷಧದ ಮುಂದೆ ಎಷ್ಟು ಗಂಟೆಗೊಮ್ಮೆ ಎಂಬುದು ಸ್ಪಷ್ಟವಾಗಿ ಬರೆದಿರುತ್ತದೆ. ನೋವಿನ ಔಷಧದ ಮುಂದೆ ಬಹಳ ಸಲ ಮೂರೇ ಅಕ್ಷರಗಳು: ಎಸ್.ಓ.ಎಸ್. ಅದೊಂದು ಲ್ಯಾಟಿನ್ ನುಡಿಯ ಹ್ರಸ್ವರೂಪ. ಅಗತ್ಯ ಬಿದ್ದರೆ ಎಂದು ಅದರ ಅರ್ಥ. ಬಲಿಪೂಜೆಯ ಲ್ಯಾಟಿನ್ ನಮ್ಮಲ್ಲಿ ಬಹುಮಂದಿಗೆ ಮರೆತುಹೋಗಿದೆ, ವಾರ್ಡಿನ ಈ ಲ್ಯಾಟಿನ್ ಮಾತ್ರ ಗಟ್ಟಿಯಾಗಿ ಉಳಿದುಕೊಂಡಿದೆ.

ಅಗತ್ಯ ಬಿದ್ದಿದೆಯೆಂದು ಹೇಳುವವರು ಯಾರು? ವೈದ್ಯರು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಸಿಗೆಯ ಬಳಿ ಕೆಲವು ನಿಮಿಷ ನಿಲ್ಲುತ್ತಾರೆ. ಉಳಿದ ಹೊತ್ತೆಲ್ಲ ಅಲ್ಲಿರುವವಳು ದಾದಿ. ರಾತ್ರಿ ಎರಡು ಗಂಟೆಗೆ ರೋಗಿ ನರಳಿದಾಗ, ಇದು ನೋವೇ, ಭಯವೇ, ಮೂತ್ರ ಕಟ್ಟಿದ ಸಂಕಟವೇ ಎಂದು ವಿಚಾರಿಸಿ, ಈಗಲೇ ಔಷಧ ಕೊಡಬೇಕೆ, ಸ್ವಲ್ಪ ಕಾಯಬಹುದೆ, ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕೆ ಎಂದು ನಿರ್ಧರಿಸುವ ಹೊಣೆ ಆ ಮೂರು ಅಕ್ಷರಗಳ ಮೂಲಕ ಅವಳ ಹೆಗಲಿಗೆ ಬರುತ್ತದೆ. ಔಷಧದ ಮಿತಿಯನ್ನು ವೈದ್ಯರು ಹಾಕಿಕೊಟ್ಟಿರುತ್ತಾರೆ, ನಿಜ. ಆ ಮಿತಿಯೊಳಗೆ ರೋಗಿ ನಿದ್ರಿಸುವನೋ ಹಲ್ಲು ಕಚ್ಚಿ ಬೆಳಗು ಮಾಡುವನೋ ಎಂಬುದು ದಾದಿಯನ್ನು ಅವಲಂಬಿಸಿದೆ.

ಈ ಹೊಣೆ ಹೇಗೆ ನಿರ್ವಹಿಸಲ್ಪಡುತ್ತದೆ ಎಂಬುದನ್ನು ಪರೀಕ್ಷಿಸಿದವರಿದ್ದಾರೆ. 1973ರಲ್ಲಿ ಅಮೆರಿಕದ ಮಾರ್ಕ್ಸ್ ಮತ್ತು ಸಾಚಾರ್ ಎಂಬ ಇಬ್ಬರು ವೈದ್ಯರು, ನೋವಿಗಾಗಿ ಅಫೀಮಿನ ವರ್ಗದ ಔಷಧಗಳನ್ನು ಪಡೆಯುತ್ತಿದ್ದ 37 ಮಂದಿ ಒಳರೋಗಿಗಳನ್ನು ಮಾತನಾಡಿಸಿದರು. ಔಷಧ ಪಡೆಯುತ್ತಿದ್ದರೂ ಅವರಲ್ಲಿ ಮುಕ್ಕಾಲು ಪಾಲಿನಷ್ಟು ಜನ ಸಾಧಾರಣ ಇಲ್ಲವೆ ತೀವ್ರ ಬಾಧೆಯಲ್ಲಿದ್ದರು. ವೈದ್ಯರು ಬರೆದುದೇ ಕಡಿಮೆ. ದಾದಿಯರು ಕೊಟ್ಟದ್ದು ಅದಕ್ಕಿಂತಲೂ ಕಡಿಮೆ. ಅಭ್ಯಾಸವಾಗಿಬಿಟ್ಟೀತು ಎಂಬ ಅಂಜಿಕೆ ಇಬ್ಬರ ಕೈಯನ್ನೂ ಹಿಡಿದಿತ್ತು. ಹಳೆಯ ಮಾತೆಂದು ಇದನ್ನು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಅದೇ ಅಂಜಿಕೆಯನ್ನು ನಾನು ನಮ್ಮ ನಾಡಿನ ವಾರ್ಡುಗಳಲ್ಲಿಯೂ ಕಂಡಿದ್ದೇನೆ, ರೋಗಿಗಳ ಮನೆಯವರಲ್ಲಿ ಇನ್ನೂ ಹೆಚ್ಚಾಗಿ ಕಂಡಿದ್ದೇನೆ.

ಈಗ ತಮ್ಮ ಮುಂದೆ ಒಂದು ಪರೀಕ್ಷೆಯನ್ನಿಡುತ್ತೇನೆ. ಮಾರ್ಗೊ ಮೆಕಾಫ್ರಿ ಮತ್ತು ಬೆಟ್ಟಿ ಫೆರೆಲ್ ಎಂಬ ಅಮೆರಿಕದ ದಾದಿಯರು 1990ರ ಸುಮಾರಿಗೆ ತಮ್ಮ ಸಹೋದ್ಯೋಗಿಗಳ ಮುಂದೆ ಇದನ್ನಿಟ್ಟರು. ಇಬ್ಬರು ತರುಣರು, ಇಬ್ಬರಿಗೂ 25 ವರ್ಷ. ಇಬ್ಬರಿಗೂ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಒಂದು ದಿನ ಕಳೆದಿದೆ. ಇಬ್ಬರ ನಾಡಿ, ರಕ್ತದೊತ್ತಡ, ಉಸಿರಾಟ ಎಲ್ಲವೂ ಒಂದೇ, ಎಲ್ಲವೂ ಸಹಜ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವೆಷ್ಟು ಎಂದು ಕೇಳಿದರೆ ಇಬ್ಬರೂ ಎಂಟು ಎನ್ನುತ್ತಾರೆ. ಎರಡು ಗಂಟೆಯ ಹಿಂದೆ ಕೊಟ್ಟ 2 ಮಿಲಿಗ್ರಾಂ ಮಾರ್ಫಿನ್ನಿನಿಂದ ಇಬ್ಬರಿಗೂ ಸಾಕಷ್ಟು ಗುಣ ಕಂಡಿಲ್ಲ, ಅಪಾಯದ ಚಿಹ್ನೆಯೂ ಕಂಡಿಲ್ಲ. 1ರಿಂದ 3 ಮಿಲಿಗ್ರಾಂವರೆಗೆ ಕೊಡಲು ವೈದ್ಯರ ಅಪ್ಪಣೆಯಿದೆ. ವ್ಯತ್ಯಾಸವಿರುವುದು ಒಂದೇ: ಒಬ್ಬನು ನೋಡಬಂದ ಗೆಳೆಯನೊಡನೆ ನಗುತ್ತ ಹರಟುತ್ತಿದ್ದಾನೆ, ಇನ್ನೊಬ್ಬನು ಮುಖ ಕಿವಿಚಿಕೊಂಡು ಸುಮ್ಮನೆ ಮಲಗಿದ್ದಾನೆ.

ತಾವು ಯಾರಿಗೆ ಹೆಚ್ಚು ಕೊಡುವಿರಿ? ಮುಖ ಕಿವಿಚಿದವನಿಗೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಆ ದಾದಿಯರಲ್ಲಿ ಎಷ್ಟೋ ಮಂದಿಯ ಉತ್ತರವೂ ಅದೇ ಆಗಿತ್ತು. ನಗುತ್ತಿದ್ದವನು ಹೇಳಿದ ಎಂಟನ್ನು ಎಂಟೆಂದೇ ಬರೆದುಕೊಳ್ಳಲು ಅವರು ಹಿಂಜರಿದರು. ಅವನಿಗೆ ಔಷಧವನ್ನು ಹೆಚ್ಚಿಸಲು ಇನ್ನೂ ಹಿಂಜರಿದರು. ಸರಿಯಾದ ಉತ್ತರ ಇಬ್ಬರಿಗೂ ಒಂದೇ: ಎಂಟೆಂದು ಬರೆಯಬೇಕು, 3 ಮಿಲಿಗ್ರಾಂ ಕೊಡಬೇಕು. ಅತಿಥಿಯ ಎದುರು ನಗುವುದು ನಮ್ಮ ಶಿಷ್ಟಾಚಾರ. ತಾಯಿ ಹೆದರಿಯಾಳೆಂದು ಮಗ ನಗುತ್ತಾನೆ. ಹರಟೆಯಲ್ಲಿ ನೋವನ್ನು ಒಂದು ಗಳಿಗೆ ಮರೆಯಲು ಯತ್ನಿಸುವವನೂ ನಗುತ್ತಾನೆ. ನಾಡಿ, ರಕ್ತದೊತ್ತಡಗಳನ್ನಾದರೂ ನಂಬೋಣವೆಂದರೆ, ನೋವು ಶುರುವಾದಾಗ ಏರಿದ ಅವು ನೋವು ಹಾಗೆಯೇ ಇರುವಾಗಲೂ ತಮ್ಮ ಸ್ಥಿತಿಗೆ ಮರಳಬಲ್ಲವು. ದೇಹವು ನೋವಿಗೆ ಹೊಂದಿಕೊಂಡಿತೆಂದ ಮಾತ್ರಕ್ಕೆ ನೋವು ಇಲ್ಲವಾಗುವುದಿಲ್ಲ.

ಇದೇ ಮೆಕಾಫ್ರಿಯವರು 1968ರಲ್ಲಿಯೇ ಒಂದು ಸೂತ್ರವನ್ನು ಕೊಟ್ಟಿದ್ದರು. ಅನುಭವಿಸುವವನು ಯಾವುದನ್ನು ನೋವೆನ್ನುತ್ತಾನೋ ಅದೇ ನೋವು, ಇದೆಯೆಂದು ಅವನು ಹೇಳಿದಾಗ ಅದು ಇದೆ ಎಂಬುದು ಅದರ ತಾತ್ಪರ್ಯ. ಹಾಗಾದರೆ ಸುಳ್ಳು ಹೇಳುವವರಿಲ್ಲವೆ? ಇದ್ದಾರೆ. ಆದರೆ ಒಬ್ಬ ಸುಳ್ಳುಗಾರನನ್ನು ಹಿಡಿಯುವ ಆತುರದಲ್ಲಿ ಸತ್ಯ ಹೇಳುವ ಹಲವರನ್ನು ನರಳಿಸುವುದು ಯಾವ ನ್ಯಾಯ? ಹಿಂದೆ ಕೆಲವೆಡೆ ಒಂದು ಪದ್ಧತಿಯಿತ್ತು. ಬರಿಯ ಉಪ್ಪುನೀರನ್ನು ನೋವಿನ ಇಂಜೆಕ್ಷನ್ ಎಂದು ಹೇಳಿ ಚುಚ್ಚುವುದು. ರೋಗಿಗೆ ಹಾಯೆನಿಸಿದರೆ ಅವನ ನೋವು ನಟನೆಯೆಂದು ಬಗೆಯುವುದು. ಇದು ತಪ್ಪು, ವಿಜ್ಞಾನದ ದೃಷ್ಟಿಯಿಂದಲೂ, ಧರ್ಮದ ದೃಷ್ಟಿಯಿಂದಲೂ. ನಿಜವಾದ ನೋವಿರುವವರಿಗೂ ನಂಬಿಕೆಯಿಂದ ಅಷ್ಟು ಹೊತ್ತು ಹಾಯೆನಿಸಬಹುದು. ವಂಚನೆ ಬಯಲಾದ ಮೇಲಂತೂ ಆ ರೋಗಿ ಮತ್ತೆ ಯಾವ ದಾದಿಯನ್ನೂ ನಂಬುವುದಿಲ್ಲ.

ರೋಗಿಯ ಮಾತನ್ನು ನಂಬಬೇಕಾದರೆ ಮೊದಲು ಅವನಿಂದ ಮಾತು ಹೊರಡಬೇಕು. ಇಲ್ಲಿ ನಮ್ಮ ನಾಡಿನ ದಾದಿಗೆ ಪುಸ್ತಕ ಕಲಿಸದ ಕೆಲಸವಿದೆ. ಹತ್ತಕ್ಕೆ ಎಷ್ಟು ಎಂದು ಕೇಳಿದರೆ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ದಾದಿಯ ಮುಖವನ್ನೇ ನೋಡುತ್ತಾಳೆ. "ಅಜ್ಜೀ, ನಿನ್ನೆ ರಾತ್ರಿ ಹದಿನಾರಾಣೆ ನೋವಿತ್ತು ಅಂತ ಇಟ್ಟುಕೊಳ್ಳಿ, ಈಗ ಎಷ್ಟಾಣೆ?" ಎಂದು ಕೇಳಿದರೆ, "ನಾಕಾಣೆ ಹೋಗೈತೆ, ಹನ್ನೆರಡಾಣೆ ಹಂಗೇ ಐತವ್ವ" ಎಂದು ಥಟ್ಟನೆ ಉತ್ತರ ಬರುತ್ತದೆ. ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಯಿತು, ಹಿರಿಯರ ನಾಲಗೆಯಲ್ಲಿ ಇನ್ನೂ ನಡೆಯುತ್ತದೆ. ಅಳತೆ ಯಾವುದಾದರೇನು, ಔಷಧಕ್ಕೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದು ತಿಳಿದರೆ ಸಾಕು. ಮಕ್ಕಳಿಗಾಗಿ ನಗುಮುಖದಿಂದ ಅಳುಮುಖದವರೆಗೆ ಆರು ಚಿತ್ರಗಳಿರುವ ಅಳತೆಯೊಂದಿದೆ. 1980ರ ದಶಕದಲ್ಲಿ ಅದನ್ನು ರೂಪಿಸಿದ ಇಬ್ಬರಲ್ಲಿ ಡೊನ್ನಾ ವಾಂಗ್ ಎಂಬವರು ದಾದಿಯೇ.

ನೋವಿನ ಬಗೆಯನ್ನು ಹೇಳುವುದರಲ್ಲಿ ನಮ್ಮ ಭಾಷೆ ಬಹು ಸಂಪನ್ನವಾದುದು. ಕರುಳನ್ನು ಹಿಂಡಿದ ಹಾಗೆ ಬಂದು ಬಂದು ಹೋಗುತ್ತದೆ ಎಂದರೆ ಅದು ಒಂದು ಜಾತಿ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ, ಇರುವೆ ಹರಿದ ಹಾಗೆ ಜುಮುಜುಮು, ಬಟ್ಟೆ ಸೋಕಿದರೂ ತಾಳಲಾರೆ ಎಂದರೆ ಅದು ಬೇರೆ ಜಾತಿ. ಎರಡನೆಯದು ಬಹುಮಟ್ಟಿಗೆ ನರದ ನೋವು. ಸಾಮಾನ್ಯ ನೋವಿನ ಮಾತ್ರೆ ಅದಕ್ಕೆ ಸರಿಯಾಗಿ ನಾಟುವುದಿಲ್ಲ, ಬೇರೆ ಔಷಧ ಬೇಕಾಗುತ್ತದೆ. ದಾದಿಯು ಕೇಸ್‌ಶೀಟಿನಲ್ಲಿ ಬರಿದೆ ನೋವು ಎಂದು ಬರೆಯುವ ಬದಲು ರೋಗಿಯ ಆ ಮಾತನ್ನೇ ಬರೆದರೆ, ಮರುದಿನ ವೈದ್ಯರಿಗೆ ಅರ್ಧ ದಾರಿ ಸಾಗಿದಂತೆ.

ಇನ್ನೊಂದು ತೊಡಕು, ರೋಗಿಯ ಪರವಾಗಿ ಮನೆಯವರು ಉತ್ತರಿಸುವುದು. ಗಂಡನೋ ಅತ್ತೆಯೋ ಹತ್ತಿರ ನಿಂತಿದ್ದರೆ ಸೊಸೆಯಾದವಳು "ಏನಿಲ್ಲ ಸಿಸ್ಟರ್" ಎನ್ನುತ್ತಾಳೆ. ಹೆರಿಗೆಯ ಕೋಣೆಯಲ್ಲಿ ಕೂಗಿದವಳಿಗೆ ಹಿರಿಯ ಹೆಂಗಸರಿಂದ ಗದರಿಕೆ ಸಿಗುತ್ತದೆ. ದಾದಿಯರಿಂದಲೂ ಸಿಗುತ್ತದೆಂಬುದನ್ನು ಮುಚ್ಚಿಡಲಾರೆ. ಬಡವನಾದರೋ, ಔಷಧ ಕೇಳಿದರೆ ಬಿಲ್ಲು ಏರೀತೆಂದು ಸುಮ್ಮನಿರುತ್ತಾನೆ. ಜಾಣ ದಾದಿಯು ಹಾಸಿಗೆ ಸರಿಪಡಿಸುವ ನೆಪದಲ್ಲಿ ಮನೆಯವರನ್ನು ಹೊರಗೆ ಕಳುಹಿಸಿ ಮತ್ತೊಮ್ಮೆ ಕೇಳುತ್ತಾಳೆ. ಸುಮ್ಮನೆ ಮಲಗಿದ್ದಾಗ ಮಾತ್ರವಲ್ಲದೆ ಕೆಮ್ಮಿಸಿ, ಮಗ್ಗುಲು ತಿರುಗಿಸಿ ಕೇಳುತ್ತಾಳೆ. ನೋವಿಗೆ ಹೆದರಿ ಕೆಮ್ಮದ ರೋಗಿಗೆ ಕಫ ಕಟ್ಟಿ ಶ್ವಾಸಕೋಶ ಕೆಡುತ್ತದೆ. ಅಲುಗಾಡದವನ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಮಾತನಾಡಲಾರದವರ ಗತಿಯೇನು? ನವಜಾತ ಶಿಶುಗಳಿಗೆ ನೋವು ಸರಿಯಾಗಿ ತಿಳಿಯದೆಂದು 1980ರ ದಶಕದವರೆಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ನಂಬಿದವರಿದ್ದರು. ತೀರ ಅಲ್ಪ ಅರಿವಳಿಕೆಯಲ್ಲಿ ಅವುಗಳಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನವು, ಸರಿಯಾದ ನೋವುನಿವಾರಕ ಪಡೆದ ಅಕಾಲಜನಿತ ಶಿಶುಗಳು ಶಸ್ತ್ರಚಿಕಿತ್ಸೆಯ ಆಘಾತವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವೆಂದು ತೋರಿಸಿತು. ಈಗ ಎಳೆಯ ಮಕ್ಕಳ ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ರೀತಿ ಇವುಗಳನ್ನು ನೋಡಿ ಅಂಕ ಹಾಕುವ ಕ್ರಮವಿದೆ. ಮರೆವಿನ ರೋಗದ ವೃದ್ಧರಿಗೂ ಅಂಥದೊಂದಿದೆ. ಹೇಳಲಾರದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದು ಎಂಬುದನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ತನ್ನ ವ್ಯಾಖ್ಯೆಯ ಟಿಪ್ಪಣಿಗಳಲ್ಲಿಯೇ ಸೇರಿಸಿದೆ. ಸದಾ ಜಪಸರ ಹಿಡಿದು ಶಾಂತವಾಗಿರುತ್ತಿದ್ದ ಅಜ್ಜ ಇದ್ದಕ್ಕಿದ್ದಂತೆ ಸ್ನಾನ ಮಾಡಿಸುವವರನ್ನು ಹೊಡೆಯತೊಡಗಿದರೆ, ಬುದ್ಧಿ ಕೆಟ್ಟಿತೆನ್ನುವ ಮೊದಲು ಸೊಂಟವನ್ನೂ ಹಲ್ಲನ್ನೂ ನೋಡಬೇಕು.

ನೋವಿದೆಯೆಂದು ತಿಳಿದ ಮೇಲೆ ಎಲ್ಲಕ್ಕೂ ಔಷಧವೇ ಉತ್ತರವಲ್ಲ. ಇಲ್ಲಿಯೇ ದಾದಿಯ ವಿವೇಕಕ್ಕೆ ನಿಜವಾದ ಪರೀಕ್ಷೆ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿದ ಯುವಕನೊಬ್ಬ ಇಂಜೆಕ್ಷನ್ ಕೊಟ್ಟ ಮೇಲೂ ನೋವು ಏರುತ್ತಲೇ ಇದೆಯೆನ್ನುತ್ತಾನೆ. ಬೆರಳನ್ನು ಮೆಲ್ಲನೆ ಚಾಚಿದರೂ ಚೀರುತ್ತಾನೆ. ಬೆರಳುಗಳು ಜೋಮು ಹಿಡಿದಿವೆ. ಇವನಿಗೆ ಇನ್ನೊಂದು ಇಂಜೆಕ್ಷನ್ ಕೊಟ್ಟು ಮಲಗಿಸುವುದು ಅನಾಹುತ. ಒಳಗೆ ಬಾವು ಬಿಗಿದು ರಕ್ತಸಂಚಾರ ನಿಲ್ಲುತ್ತಿರುವ ಸೂಚನೆ ಅದು. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸತ್ತು ಕಾಲೇ ಹೋಗಬಹುದು. ಸರ್ಜನ್ನರನ್ನು ನಿದ್ದೆಯಿಂದ ಎಬ್ಬಿಸಿ, ಬೈಸಿಕೊಂಡರೂ ಚಿಂತೆಯಿಲ್ಲ, ಕರೆಸಲೇಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವನಿಗೆ ಇಳಿಯುತ್ತಿದ್ದ ನೋವು ಮೂರನೆಯ ದಿನ ಮತ್ತೆ ಭುಗಿಲೆದ್ದರೆ ಅದೂ ಹಾಗೆಯೇ. ನೋವು ಕೆಲವು ಸಲ ಶತ್ರು, ಕೆಲವು ಸಲ ಬಾಗಿಲು ಬಡಿಯುವ ದೂತ. ಯಾವುದು ಯಾವುದೆಂದು ಗುರುತಿಸಲು ಅನುಭವ ಬೇಕು, ಹಿಂದಿನ ಪಾಳಿಯವಳು ಸರಿಯಾಗಿ ಬರೆದಿಟ್ಟಿರಬೇಕು.

ಔಷಧ ಕೊಡುವುದಾದರೆ ಹೇಗೆ? ಇಲ್ಲಿ ಒಬ್ಬ ಮಹಿಳೆಯನ್ನು ಸ್ಮರಿಸದೆ ಮುಂದೆ ಹೋಗಲಾರೆ. ಲಂಡನ್ನಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿ. ಬೆನ್ನಿನ ತೊಂದರೆಯಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಕಡೆಗೆ ವೈದ್ಯಕೀಯ ಓದಿ 1957ರಲ್ಲಿ ವೈದ್ಯೆಯಾದರು. ಐರ್ಲೆಂಡಿನ ಪರೋಪಕಾರಿ ಭಗಿನಿಯರು ಹ್ಯಾಕ್ನಿಯಲ್ಲಿ ನಡೆಸುತ್ತಿದ್ದ ಸಂತ ಜೋಸೆಫರ ಆಶ್ರಯಧಾಮದಲ್ಲಿ 1958ರಿಂದ ಅವರು ಕೆಲಸ ಮಾಡಿದರು. ಅವರು ಆಂಗ್ಲಿಕನ್ ಪಂಥದವರು, ಭಗಿನಿಯರು ಕಥೋಲಿಕರು. ಸಾಯುತ್ತಿರುವವರ ಹಾಸಿಗೆಯ ಬಳಿ ಅದು ಅಡ್ಡಿಯಾಗಲಿಲ್ಲ. ನೋವು ಬಂದು, ರೋಗಿ ಬೇಡಿ, ಆಮೇಲೆ ಮಾರ್ಫಿನ್ ಕೊಡುವ ಬದಲು, ನೋವು ಮರಳುವ ಮುನ್ನವೇ ಗಡಿಯಾರ ನೋಡಿ ಬಾಯಿಯ ಮೂಲಕ ಕೊಡುವ ಕ್ರಮವನ್ನು ಅವರು ಅಲ್ಲಿ ನೆಲೆಗೊಳಿಸಿದರು. ಬೇಡುವ ದೈನ್ಯ ತಪ್ಪಿತು. ರೋಗಿಗಳು ಮಂಪರಿನಲ್ಲಿ ಬೀಳುವ ಬದಲು ಎದ್ದು ಕುಳಿತು ಮಾತನಾಡಿದರು. 1967ರಲ್ಲಿ ಅವರು ಸಂತ ಕ್ರಿಸ್ಟೋಫರರ ಹೆಸರಿನ ಆಶ್ರಯಧಾಮವನ್ನು ತೆರೆದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಕೊಟ್ಟ ಮಾರ್ಗದರ್ಶನದಲ್ಲಿ ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಮೆಟ್ಟಿಲು ಮೆಟ್ಟಿಲಾಗಿ ಎಂಬ ತತ್ತ್ವಗಳು ಸೇರಿದುವು.

ಕೊಟ್ಟು ಬಂದರೆ ಕೆಲಸ ಮುಗಿಯಲಿಲ್ಲ. ಮಾತ್ರೆಯಾದರೆ ಒಂದು ಗಂಟೆಯ ಸುಮಾರಿಗೆ, ರಕ್ತನಾಳಕ್ಕೆ ಕೊಟ್ಟದ್ದಾದರೆ ಇನ್ನೂ ಬೇಗ, ಹಿಂದಿರುಗಿ ಬಂದು ಈಗ ಎಷ್ಟು ಎಂದು ಕೇಳಬೇಕು. ಮಾರ್ಫಿನ್ ಉಸಿರಾಟವನ್ನು ಕುಗ್ಗಿಸೀತೆಂಬ ಭಯ ಸುಳ್ಳಲ್ಲ. ಆದರೆ ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ. ಮಾತನಾಡುತ್ತಿದ್ದಂತೆಯೇ ತೂಕಡಿಸುವ ರೋಗಿಯನ್ನು ಕಂಡರೆ ಮುಂದಿನ ಮೊತ್ತವನ್ನು ತಡೆದು, ಉಸಿರು ಎಣಿಸಿ, ವೈದ್ಯರಿಗೆ ತಿಳಿಸುವವಳು ದಾದಿ. ಭಯಕ್ಕೆ ಮದ್ದು ಇಂತಹ ಎಚ್ಚರ. ಔಷಧವನ್ನು ಬೀರುವಿನಲ್ಲೇ ಇಡುವುದಲ್ಲ. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧ ಕೇಳಿ ಬರೆಸಬೇಕೆಂಬುದು ಚಿಕ್ಕ ಮಾತು, ಆದರೆ ಎಷ್ಟೋ ರೋಗಿಗಳು ಮಾರ್ಫಿನ್ ಬೇಡವೆನ್ನುವುದು ಅದೇ ಕಾರಣಕ್ಕೆ.

ಈ ದೇವಾಲಯದ ಸಭಾಂಗಣದಲ್ಲಿ ಹೇಳಲೇಬೇಕಾದ ಮಾತೊಂದಿದೆ. ಪ್ರಭು ಯೇಸು ಶಿಲುಬೆಯ ಮೇಲೆ ನೋವುಂಡರು, ನಾವೂ ಉಣ್ಣಬೇಕು ಎಂದು ಹೇಳಿ ಔಷಧ ನಿರಾಕರಿಸುವ ಭಕ್ತರಿದ್ದಾರೆ. ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಪ್ರಭುವು ಸ್ವೀಕರಿಸಲಿಲ್ಲವೆಂಬ ಮಾರ್ಕನ ಶುಭಸಂದೇಶದ ಸಂಗತಿಯನ್ನೂ ನೆನಪಿಸುತ್ತಾರೆ. ತನ್ನ ನೋವನ್ನು ತಾನೇ ಮನಃಪೂರ್ವಕವಾಗಿ ದೇವರಿಗೆ ಅರ್ಪಿಸುವವರಿಗೆ ನಾನು ತಲೆಬಾಗುತ್ತೇನೆ. ಆದರೆ ಅದು ಅವರ ಕಾಣಿಕೆ. ಅವರ ಪರವಾಗಿ ಮಗನಾಗಲಿ, ಸೊಸೆಯಾಗಲಿ, ದಾದಿಯಾಗಲಿ ಅದನ್ನು ಅರ್ಪಿಸಲು ಬರುವುದಿಲ್ಲ. ಇನ್ನೊಬ್ಬರ ಜೇಬಿನ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿದಂತಾದೀತು. ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1957ರ ಫೆಬ್ರವರಿ 24ರಂದು ಅರಿವಳಿಕೆ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತ, ನೋವನ್ನು ಶಮನಗೊಳಿಸಿಕೊಳ್ಳಲು ಕ್ರೈಸ್ತನಿಗೆ ಅಡ್ಡಿಯಿಲ್ಲವೆಂದರು. ಬೇರೆ ದಾರಿಯಿಲ್ಲದಾಗ, ಪ್ರಾಣ ತೆಗೆಯುವ ಉದ್ದೇಶವಿಲ್ಲದೆ, ಆಯುಸ್ಸು ತುಸು ಮೊಟಕಾಗುವ ಸಂಭವವಿದ್ದರೂ ಅಂಥ ಔಷಧ ಕೊಡಬಹುದೆಂದರು. ರೋಗಿಯು ತನ್ನ ಧಾರ್ಮಿಕ ಹಾಗೂ ನೈತಿಕ ಕರ್ತವ್ಯಗಳನ್ನು ಪೂರೈಸಲು ಅದು ತಡೆಯಾಗಬಾರದೆಂದೂ ಸೇರಿಸಿದರು. ಧರ್ಮಸಭೆಯ ಬೋಧನೆ ಇಂದಿಗೂ ಆ ಹಾದಿಯಲ್ಲೇ ಇದೆ. ಎರಡನೆಯ ಜಾನ್ ಪೌಲರು 1984ರಲ್ಲಿ ಮಾನವ ಸಂಕಟದ ಅರ್ಥವನ್ನು ಕುರಿತು ಬರೆದ ಪತ್ರದಲ್ಲಿ ದಯಾಳುವಾದ ಸಮಾರಿಯದವನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಆ ಸಮಾರಿಯದವನು ಗಾಯಾಳುವಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ, ಎಣ್ಣೆ ಹೊಯ್ದು ಗಾಯ ಕಟ್ಟಿದನು.

ಕಾನೂನಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಔಷಧಕ್ಕಾಗಿ ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆದರೂ 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಮಾರ್ಫಿನ್ ನಮ್ಮ ಆಸ್ಪತ್ರೆಗಳಿಂದಲೇ ಬಹುಮಟ್ಟಿಗೆ ಮರೆಯಾಯಿತು. ಒಂದು ತಲೆಮಾರಿನ ದಾದಿಯರು ಅದನ್ನು ಕೊಟ್ಟು ಅರಿಯರು. 2014ರ ತಿದ್ದುಪಡಿ ಹಾದಿಯನ್ನು ಸಡಿಲಿಸಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲರೂ ಅವರ ಸಂಗಡಿಗರೂ ಆರಂಭಿಸಿದ ನೋವು ಮತ್ತು ಉಪಶಾಮಕ ಆರೈಕೆಯ ಕಾರ್ಯ ಕೇರಳದಲ್ಲಿ ಮನೆಮನೆಗೆ ದಾದಿಯರನ್ನು ಕಳುಹಿಸುವ ಮಟ್ಟಕ್ಕೆ ಬೆಳೆಯಿತು. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ದೊರೆಯುತ್ತದೆ. ಅಮೆರಿಕದಲ್ಲಿ 1990ರ ದಶಕದಿಂದ ಈ ವರ್ಗದ ಮಾತ್ರೆಗಳನ್ನು ಮಿತಿಯಿಲ್ಲದೆ ಬರೆದು ದೊಡ್ಡ ಅನರ್ಥವಾದುದನ್ನೂ ನಾನು ಬಲ್ಲೆ. ಆದರೆ ಅಲ್ಲಿನ ಅತಿಯನ್ನು ತೋರಿಸಿ ನಮ್ಮ ಕ್ಯಾನ್ಸರ್ ರೋಗಿಗೆ ಸಿಗಬೇಕಾದುದನ್ನು ತಡೆಯುವುದು, ನೆರೆಯೂರಿನ ಪ್ರವಾಹದ ಸುದ್ದಿ ಕೇಳಿ ನಮ್ಮ ಬಾವಿಯನ್ನು ಮುಚ್ಚಿದಂತೆ.

ರೋಗಿಯನ್ನು ಮನೆಗೆ ಕರೆದೊಯ್ದವರಿಗೆ ಕೆಲವು ಮಾತು. ಒಂದು ಚಿಕ್ಕ ನೋಟ್‌ಪುಸ್ತಕ ಇಡಿ. ಎಷ್ಟು ಗಂಟೆಗೆ ಯಾವ ಮಾತ್ರೆ ಕೊಟ್ಟಿರಿ, ಮತ್ತೆ ನೋವು ಎಷ್ಟು ಹೊತ್ತಿಗೆ ಮರಳಿತು, ರೋಗಿಯು ಅದನ್ನು ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನು ಅದರಲ್ಲಿ ಬರೆಯಿರಿ. ದಾದಿ ಮನೆಗೆ ಬಂದಾಗ ಮೊದಲು ಕೇಳುವುದು ಅದನ್ನೇ. ನೋವಿಲ್ಲವಲ್ಲ ಎಂದು ಗಂಟೆಯ ಮಾತ್ರೆಯನ್ನು ತಪ್ಪಿಸಬೇಡಿ. ನೋವಿಲ್ಲದಿರುವುದು ಆ ಮಾತ್ರೆಯಿಂದಲೇ. ಮಾರ್ಫಿನ್ ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಉಳಿದುದನ್ನು ಎಸೆಯದೆ ಕೊಟ್ಟ ಆಸ್ಪತ್ರೆಗೆ ಹಿಂದಿರುಗಿಸಿ. ಪರಮಪ್ರಸಾದ ತರುವ ಗುರುಗಳಿಗೆ ರೋಗಿಯು ಎಚ್ಚರವಾಗಿ, ಕೊಂಚ ಆರಾಮವಾಗಿರುವ ಹೊತ್ತು ಯಾವುದೆಂದು ಮುಂಚಿತವಾಗಿ ತಿಳಿಸಿ. ಆ ಹೊತ್ತು ಯಾವುದೆಂಬುದೂ ಅದೇ ನೋಟ್‌ಪುಸ್ತಕದಿಂದ ಗೊತ್ತಾಗುತ್ತದೆ.

ಪ್ರಶ್ನೆಗಳಿಗೆ ಸಮಯವಿದೆಯೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ದಯಮಾಡಿ ಕೇಳಿರಿ.